ಸದ್ದಿಲ್ಲದ ಕಾರು

ಅಕ್ಕೋಳ ದಾಟಿ ನಿಪ್ಪಾಣಿಯ ರಸ್ತೆ ಹಿಡಿದಿದ್ದರಷ್ಟೇ, ಕಾರಿನ ಹಿಂದಿನ ಎಡಬಾಗಿಲಿನ ಗಾಜು, ಒಳಗಿನಿಂದ ಯಾರೋ ಕಾಲು ಹಿಡಿದು ಎಳೆದಂತೆ, ಸರ್ರನೆ ಇಳಿದು ಬಾಗಿಲಿನ ಹೊಟ್ಟೆಯೊಳಗೆ ಮಾಯವಾಯಿತು. ಮುಂದೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿನ ಧೂಳೆಲ್ಲ ನೇರ ಮಲಕವ್ವನ ಮುಖಕ್ಕೆ ಬಂತು.

"ನನ್ನ ಕಣ್ಣ ತೋರಸಾಕ ಹೊಂಟ್ರ ನಿನ್ನ ಗಾಡೀದ ಕಣ್ಣ ಹೋತಲ್ಲೋ ಕಾಮ್ಯಾ," ಎಂದು ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಕಾಮಣ್ಣ ಕಾರನ್ನು ಬದಿಗೆ ನಿಲ್ಲಿಸಿ, ಇಳಿದು ಬಂದು, ಗಾಜು ಏರಿಸುವ ಹಿಡಿಕೆಯನ್ನು ತಿರುವಿದ. ಅದು ಹಗ್ಗವಿಲ್ಲದ ಬಾವಿಯ ಗಾಲಿಯಂತೆ ಸುಮ್ಮನೆ ತಿರುಗಿತು. ಅಜ್ಜಿಯ ಪಕ್ಕ ಕೂತಿದ್ದ ಅವನ ಮಗಳು ಉಜ್ವಲಾ ಬಗ್ಗಿ ಗಾಜಿನ ಸಂದಿಯಲ್ಲಿ ಇಣುಕಿದಳು. ಒಳಗೆ ಕತ್ತಲೆ. ಬಾಗಿಲನ್ನು ಅಲುಗಿಸಿದರೆ ಕತ್ತಲೆಯ ತಳದಲ್ಲಿ ನೀರು ತುಳುಕಿದ ಸದ್ದು.

"ಬಾಗಲದಾಗ ನೀರ ನಿಂತೈತಪ್ಪಾ."

"ಮೊನ್ನಿ ಮಳೀದು. ತಾನ ಆರತೈತಿ."

"ದಾದಾಸಾಹೇಬ ಕಾಕಾನ ಗ್ಯಾರೇಜ ಹಾದ್ಯಾಗ ಐತಿ. ತೋರಿಸಿಕೊಂಡ ಹೋಗೂನು."

"ಈಗ ಬ್ಯಾಡ. ಮುಂದಿನ ವಾರ ನೋಡೂನು."

"ಮುಂದಿನ ವಾರ ಅಂದ್ರ ಅರಿಷಿಣ ಹಚ್ಚೂ ಹೊತ್ತ ಬರತೈತಿ. ಮದುವಿ ಗಾಡಿ ಹಿಂಗ ಬಾಯಿ ತಕ್ಕೊಂಡ ಹೋಗೂದೇನು?"

ಕಾಮಣ್ಣ ಮಗಳ ಮುಖ ನೋಡಲಿಲ್ಲ. ಎಲ್ಲೋ ಒಂದು ನಟ್ಟು ಕಿರುಗುಟ್ಟಿದರೂ ಗ್ಯಾರೇಜಿಗೆ ಓಡುವ ಮನುಷ್ಯ ಇವತ್ತು ಯಾಕೆ ಹಿಂಜರಿಯುತ್ತಿದ್ದಾನೆಂದು ಉಜ್ವಲಾಗೆ ತಿಳಿಯಲಿಲ್ಲ. ಕೊನೆಗೆ ಮಲಕವ್ವನೇ, "ನಡಿಯೋ, ಮಣ್ಣ ತಿನಸಬ್ಯಾಡ ನನಗ," ಎಂದ ಮೇಲೆ ಅವನು ಹೋಗಿ ಸ್ಟೇರಿಂಗಿನ ಹಿಂದೆ ಕೂತ.

ಆ ಕಾರು ಮನೆಗೆ ಬಂದಾಗ ಉಜ್ವಲಾ ಇನ್ನೂ ಫ್ರಾಕು ಹಾಕುವ ಹುಡುಗಿ. ಊರೂರು ತಿರುಗುತ್ತಿದ್ದ ಕುರಿಹಿಂಡನ್ನು ಮಾರಿ, ಒಂದಿಷ್ಟು ಆಡು, ಒಂದು ಎಮ್ಮೆ ಇಟ್ಟುಕೊಂಡು ಆ ಮನೆತನ ಅಕ್ಕೋಳದಲ್ಲೇ ನೆಲೆ ನಿಂತು ಕೆಲವು ಕಾಲ ಆಗಿತ್ತು. ಅದು ಎರಡು ಮೂರು ಕೈ ದಾಟಿ ಬಂದ ಹಳೆಯ ಸಣ್ಣ ಕಾರು. ಮೊದಲ ದಿನ ಅದರ ತಗಡು ಎಷ್ಟು ಬಡಿದುಕೊಂಡಿತೆಂದರೆ, ಮಲಕವ್ವ ಊರ ಅಗಸಿಬಾಗಿಲು ದಾಟುವ ಮೊದಲೇ ಎರಡೂ ಕಿವಿ ಮುಚ್ಚಿಕೊಂಡು, "ಇಳಸೋ ನನ್ನ. ಡಬ್ಬ್ಯಾಗ ಹರಳ ಹಾಕಿ ಅಲ್ಲಾಡಿಸಿದಂಗ ಆಗಾಕತ್ತೈತಿ," ಎಂದು ಇಳಿದು ನಡೆದೇ ಮನೆಗೆ ಹೋಗಿದ್ದಳು. ಕಣ್ಣಿನ ಪೊರೆ ತೆಗೆಸಲು ಮಿರಜಿಗೆ ಹೋಗಬೇಕಿತ್ತು. ಕುರುಡಿಯಾದರೂ ಸರಿ, ಆ ಡಬ್ಬಿಯಲ್ಲಿ ಕೂರುವವಳಲ್ಲ ಎಂದು ಹಟ ಹಿಡಿದಳು. ಬಸ್ಸಿನ ಮೆಟ್ಟಿಲು ಹತ್ತಲು ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ.

ಆಮೇಲೊಂದು ದಿನ, ಮನೆಯವರೆಲ್ಲ ಹೊಲಕ್ಕೆ ಹೋಗಿದ್ದಾಗ, ಕಾಮಣ್ಣ ಹಿತ್ತಲಲ್ಲಿ ಕಾರನ್ನು ಹರವಿಕೊಂಡು ಕೂತಿದ್ದ. ಸಂಜೆ ಎಲ್ಲರೂ ಮರಳುವ ಹೊತ್ತಿಗೆ ಎಲ್ಲವನ್ನೂ ತಿರುಗಿ ಜೋಡಿಸಿದ್ದ. ಎಲ್ಲಿಯೂ ಸೇರದ ಒಂದು ಹಿಡಿ ಸ್ಕ್ರೂ ಮಾತ್ರ ಕಟ್ಟೆಯ ಮೇಲೆ ಉಳಿದಿದ್ದವು. ಏನು ಮಾಡಿದೆ ಎಂದು ಕೇಳಿದರೆ, "ನಟ್ಟ ಬಿಗಿ ಮಾಡೀನಿ," ಎಂದ. ಅಂದಿನಿಂದ ಕಾರು ಸುಮ್ಮನಾಯಿತು. ಮಲಕವ್ವ ಅನುಮಾನಿಸುತ್ತಲೇ ಹತ್ತಿ ಕೂತಳು. ನಿಪ್ಪಾಣಿ ಬರುವಷ್ಟರಲ್ಲಿ ಬಾಗಿಲಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಹಿಂದಿನ ಎಡಗಡೆ ಅವಳ ಜಾಗವೆಂದು ಅವತ್ತೇ ನಿಕ್ಕಿಯಾಯಿತು.

ಉಜ್ವಲಾ ಬೆಳೆದದ್ದು ಆ ಹಿಂದಿನ ಸೀಟಿನಲ್ಲಿ ಅಂದರೂ ತಪ್ಪಿಲ್ಲ. ಬೇರೆ ಗಾಡಿಗಳಲ್ಲಿ ಕೂಗಿ ಮಾತಾಡಬೇಕು. ಈ ಕಾರಿನಲ್ಲಿ ಅಜ್ಜಿ ಪಿಸುಗುಟ್ಟಿದರೂ ಕೇಳುತ್ತಿತ್ತು. ಆಸ್ಪತ್ರೆಗೆ, ಸಂತೆಗೆ, ಅಥಣಿಯ ಕಡೆಯ ನೆಂಟರ ಮನೆಗೆ, ಎಲ್ಲಿಗೆ ಹೊರಟರೂ ಆಕೆ ಮೊಮ್ಮಗಳ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ಕತೆ ಬಿಚ್ಚುತ್ತಿದ್ದಳು. ಹೆಚ್ಚಿನವು ಅಜ್ಜ ಅಮೋಘಸಿದ್ದನ ಕಂಬಳಿಯ ಕತೆಗಳು. ಕಾಗವಾಡದ ಆಚೆ, ಕೃಷ್ಣೆಯ ದಂಡೆಯಲ್ಲಿ, ಹಿಂಡು ಬಯಲಲ್ಲಿದ್ದಾಗ ಆಲಿಕಲ್ಲಿನ ಮಳೆ ಸುರಿದದ್ದು.

"ಆಣಿಕಲ್ಲ ಅಂದ್ರ ಎಂಥಾವು, ತೆಂಗಿನಕಾಯಿ ಅಂಥಾವು. ನಿಮ್ಮಜ್ಜ ಕಂಬಳಿ ಬಿಚ್ಚಿ ಹಿಂಗ ಮುಗಲಿಗೆ ಹಾಸಿದ ನೋಡ. ಅಟೂ ಮರಿ ಅದರ ಅಡ್ಯಾಗ."

ಉಜ್ವಲಾ ಚಿಕ್ಕವಳಿದ್ದಾಗ ಆ ಕಂಬಳಿಯಡಿ ಮರಿಗಳಷ್ಟೇ ಹಿಡಿಸುತ್ತಿದ್ದವು. ಅವಳು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಹಿಂಡಿಗೆ ಹಿಂಡೇ ಸೇರಿತು. ಕಾಲೇಜಿನ ಹೊತ್ತಿಗೆ ನಾಯಿಗಳು, ಗಂಟುಮೂಟೆ ಹೊರುವ ಕುದುರೆ, ಕುಡಚಿಯ ಸ್ಟೇಷನ್ನಿಗೆ ಹೊರಟಿದ್ದ ಯಾರೋ ದಾರಿಹೋಕರು ಕೂಡ ಒಳಗೆ ಬಂದು ಕೂತಿದ್ದರು. ಆ ಕಂಬಳಿಯ ಉಣ್ಣೆಯನ್ನು ಹಿಂಡಿನ ಹಿಂದೆ ನಡೆಯುತ್ತಲೇ ತಾನು ನೂತದ್ದು, ನೇಯ್ದ ಮೇಲೆ ಹುಣಸೆ ಬೀಜದ ಗಂಜಿ ಕುಡಿಸಿ ಗಡಸು ಮಾಡಿದ್ದು, ಅಂಚಿಗೆ ಬಿಳಿ ಕುರಿಯ ಉಣ್ಣೆಯಿಂದ ಎರಡು ಗೆರೆ ಹಾಕಿಸಿದ್ದು, ಅದರ ಮೇಲೆಯೇ ತಾನು ಮದುಮಗಳಾಗಿ ಕೂತದ್ದು—ಇಷ್ಟನ್ನು ಮಾತ್ರ ಅಜ್ಜಿ ಯಾವತ್ತೂ ಹಿಗ್ಗಿಸದೆ, ಒಂದೇ ರೀತಿ ಹೇಳುತ್ತಿದ್ದಳು. ಅವರ ಮನೆತನದಲ್ಲಿ ಕಂಬಳಿಗೆ ಕತ್ತರಿ ತಾಗಿಸುವುದಿಲ್ಲ. ಹರಿದರೂ, ಹುಳ ತಿಂದರೂ ಮಡಚಿ ಇಡುತ್ತಾರೆ. ದೇವರಿಗೆ ಗದ್ದುಗೆ ಅದೇ, ಮದುವೆಗೆ ಹಸೆಯೂ ಅದೇ.

ಅಮೋಘಸಿದ್ದ ತೀರಿಕೊಂಡ ಮೇಲೆ ಮಲಕವ್ವ ಆ ಕಂಬಳಿಯನ್ನು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿಟ್ಟಿದ್ದಳು. ಮಿರಜಿನಲ್ಲಿ ಕಣ್ಣು ಮಾಡಿಸಿಕೊಂಡು ಬಂದ ವರ್ಷ, ಮಾನೌಮಿ ಹಬ್ಬಕ್ಕೆ ದೇವರ ಗದ್ದುಗೆ ಹಾಕಬೇಕೆಂದು ಪೆಟ್ಟಿಗೆ ಇಳಿಸಿದರೆ ಅದು ಖಾಲಿ. ಸೊಸೆ ಸುಂದ್ರವ್ವನ ತಮ್ಮ ಬೀರದೇವ ಅದೇ ಸುಮಾರಿಗೆ ರಾಯಬಾಗದಿಂದ ಬಂದು, ಒಂದು ಚೀಲ ಜೋಳ ಹೊತ್ತುಕೊಂಡು ಹೋಗಿದ್ದ. ಮತ್ತೆ ಬಂದವನು ಊಟಕ್ಕೆ ಕೂತಾಗ ಮಲಕವ್ವ ಎಲ್ಲರೆದುರು, "ಜ್ವಾಳದ ಕೆಳಗ ಏನ ಒಯ್ದಿ ಅನ್ನೂದ ನಮಗ ಗೊತ್ತೈತಪ್ಪಾ," ಎಂದುಬಿಟ್ಟಳು. ಬೀರದೇವ ತಾಟಿನಲ್ಲೇ ಕೈ ತೊಳೆದು ಎದ್ದ. ಮತ್ತೆ ಅಕ್ಕೋಳಕ್ಕೆ ಕಾಲಿಡಲಿಲ್ಲ. ಸುಂದ್ರವ್ವನಿಗೆ ಮನೆಯಲ್ಲಿ "ತವರಿಗೆ ಸಾಗಿಸಿದಾಕಿ" ಎಂಬ ಹೆಸರು ಉಳಿಯಿತು. ಕಂಬಳಿಯ ಮಾತು ಬಂದಾಗಲೆಲ್ಲ ಆಕೆ ಎಮ್ಮೆಗೆ ನೀರು ತೋರಿಸಬೇಕೆಂದು ಎದ್ದು ಹೋಗುತ್ತಿದ್ದಳು.

ಈಗ ಉಜ್ವಲಾಳ ಮದುವೆ. ಮದುಮಗಳನ್ನು ಕೈಹಿಡಿದು ಕಂಬಳಿಯ ಹಸೆಗೆ ಕರೆತರಬೇಕಾದವನು ಸೋದರಮಾವ. "ಅಂವ ಮಂಟಪಕ್ಕ ಬಂದ್ರ ನಾ ಅಕ್ಕಿಕಾಳ ಹಾಕಾಕಿ ಅಲ್ಲ," ಎಂದು ಮಲಕವ್ವ ಹೇಳಿ ಆಗಿತ್ತು. "ನನ್ನ ತಮ್ಮ ಬರೂದಿಲ್ಲ ಬಿಡ್ರಿ ಅತ್ತಿ," ಎಂದು ಸುಂದ್ರವ್ವ ಒಲೆ ಊದುತ್ತ ಹೇಳಿದ್ದಳು. ಹೊಗೆ ಇಲ್ಲದ ಒಲೆಯನ್ನು ಅವ್ವ ಯಾಕೆ ಅಷ್ಟು ಹೊತ್ತು ಊದಿದಳೆಂದು ಉಜ್ವಲಾಗೆ ಗೊತ್ತಿತ್ತು. ಅವಳಿಗೆ ಮಾವನ ಕೈಯೂ ಬೇಕಾಗಿತ್ತು, ಅಜ್ಜಿಯ ಅಕ್ಕಿಕಾಳೂ ಬೇಕಾಗಿತ್ತು. ಎರಡರಲ್ಲಿ ಒಂದನ್ನು ಆರಿಸು ಅಂದರೆ ಮದುವೆಯೇ ಬೇಡ ಅನ್ನಿಸುತ್ತಿತ್ತು.

ದಾದಾಸಾಹೇಬನ ಗ್ಯಾರೇಜು ಅಂದರೆ ಒಂದು ಬೇವಿನ ಮರ ಮತ್ತು ಅದಕ್ಕೆ ಒರಗಿದ ತಗಡಿನ ಚಪ್ಪರ. ಪಕ್ಕದ ತಂಬಾಕಿನ ಗೋದಾಮಿನ ಘಾಟಿಗೆ ಹೊಸಬರು ಸೀನುತ್ತಾರೆ. ದಾದಾಸಾಹೇಬ ಮಾತ್ರ ಅದರಲ್ಲೇ ಕೂತು ರೊಟ್ಟಿ ತಿನ್ನುತ್ತಾನೆ. ಕೈಗಿಂತ ಬಾಯಿ ಮುಂದಿರುವ ಮನುಷ್ಯ.

"ಬರ್ರಿ ಕಾಮಣ್ಣಾರ. ಮದುವಿ ಮನಿ ಮಂದಿ ನಮ್ಮ ಕಡೆ ಹೊಳ್ಳಿ ನೋಡೂದ ಬಿಟ್ಟಾರ ಅನಕೊಂಡಿದ್ನಿ. ಆಯಿ, ನೀವ ಇಲ್ಲೆ ನೆಳ್ಳಾಗ ಕುಂದರ್ರಿ."

ಮಲಕವ್ವನಿಗೆ ಬೇವಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟು ಅವನು ಬಾಗಿಲಿನ ಕಡೆ ಬಂದ.

"ಪ್ಯಾಡ ಬಿಚ್ಚೂದ ಬ್ಯಾಡ ದಾದಾಸಾಹೇಬ," ಎಂದ ಕಾಮಣ್ಣ. ಬಾಗಿಲಿನ ಒಳಮೈಗೆ ಹೊದಿಸಿದ ಬೂದು ಹಲಗೆಗೆ ಅವರು ಪ್ಯಾಡು ಅನ್ನುತ್ತಾರೆ. "ಮ್ಯಾಲಿಂದ ಕೈ ಹಾಕಿ ಗಾಜ ಎಳದು ಟೇಪ ಹಚ್ಚ್ರಿ. ಸಾಕ."

"ಮ್ಯಾಲಿಂದ ಕೈ ಹಾಕಾಕ ಇದೇನ ಉಪ್ಪಿನಕಾಯಿ ಭರಣಿ ಏನ್ರಿ? ಪ್ಯಾಡ ಬಿಚ್ಚಲಾರದ ಗಾಜ ಹ್ಯಾಂಗ ಸಿಗತೈತಿ?"

"ಹಳೇ ಗಾಡಿ. ಕ್ಲಿಪ್ ಮುರೀತಾವ."

"ಮುರದ್ರ ಹೊಸಾವ ಹಾಕೂನು. ಮದುವಿ ಗಾಡಿಗೆ ಟೇಪ ಹಚ್ಚಿ ಕಳಸಿದ್ರ ಬೀಗರು ನಿಮಗಲ್ಲ, ನನಗ ಬೈತಾರ."

ಕಾಮಣ್ಣ ಚಾ ತರುತ್ತೇನೆಂದು ಹೊರಟ. ಚಾದಂಗಡಿ ರಸ್ತೆಯ ಆಚೆಗೇ ಇತ್ತು. ಒಂದು ಕೂಗು ಹಾಕಿದರೆ ಅವರೇ ತಂದುಕೊಡುತ್ತಿದ್ದರು.

ದಾದಾಸಾಹೇಬ ಮೊದಲು ಕೈ ಊರುವ ಹಿಡಿಯ ಸ್ಕ್ರೂ ತೆಗೆದ. ಗಾಜಿನ ಹಿಡಿಕೆಯ ಹಿಂದಿನ ಸಂದಿಯಲ್ಲಿ ಹಳೆಯ ಬನಿಯನ್ನಿನ ತುಂಡೊಂದನ್ನು ತೂರಿಸಿ, ಮಜ್ಜಿಗೆ ಕಡೆಯುವವರ ಹಾಗೆ ಆ ತುದಿ ಈ ತುದಿ ಹಿಡಿದು ಎಳೆದಾಡಿದ. ಹಿಡಿಕೆಯನ್ನು ಕಚ್ಚಿಕೊಂಡಿದ್ದ ತಂತಿಯ ಕೊಂಡಿ ಟಣ್ಣೆಂದು ಹಾರಿ ಎಲ್ಲೋ ಬಿತ್ತು. ಬಾಗಿಲು ತೆಗೆಯುವ ಒಳಗಿನ ಚಿಲಕಕ್ಕೆ ಬಂದಾಗ ಅವಸರ ಮಾಡಿದ. ಪಟ್ಟೆಂದು ಏನೋ ಮುರಿಯಿತು.

"ಹಳೇ ಪ್ಲಾಸ್ಟಿಕ್. ನಾ ಮುಟ್ಟೂಕಿಂತ ಮೊದಲ ಮುರದಿತ್ತ," ಎಂದ.

"ನಾ ನೋಡೀನಿ ಕಾಕಾ. ಈಗ ಮುರೀತ."

"ಮದುವಿ ಹುಡುಗಿ ನೆಲಾ ನೋಡಬೇಕವಾ, ಮಂದಿ ಕೈ ನೋಡಬಾರದ."

ಆಮೇಲೆ ಸ್ಕ್ರೂಡ್ರೈವರಿನ ತುದಿಗೆ ಬಟ್ಟೆ ಸುತ್ತಿ ಪ್ಯಾಡಿನ ಅಂಚಿಗೆ ಹಾಕಿ ಮೆಲ್ಲಗೆ ಎಬ್ಬಿದ. ಕ್ಲಿಪ್ಪುಗಳು ಒಂದೊಂದಾಗಿ ಬಿಟ್ಟುಕೊಂಡವು. ತೇವ ಕುಡಿದು ಹಪ್ಪಳದಂತೆ ಉಬ್ಬಿದ್ದ ಹಲಗೆ ನಿಟ್ಟುಸಿರು ಬಿಟ್ಟ ಹಾಗೆ ಸಡಿಲವಾಗಿ ಈಚೆಗೆ ಬಂತು. ಅದರೊಂದಿಗೆ ಒಂದು ವಾಸನೆಯೂ ಬಂತು. ಎಣ್ಣೆಯದಲ್ಲ, ತುಕ್ಕಿನದಲ್ಲ, ತಂಬಾಕಿನದಂತೂ ಅಲ್ಲ. ಉಜ್ವಲಾಗೆ ಅದು ಯಾವುದೆಂದು ಗೊತ್ತಾಗಲಿಲ್ಲ, ಆದರೆ ಎಂದೋ ಕೇಳಿದ ಮಾತಿನಂತೆ ಗುರುತು ಸಿಕ್ಕಿತು. ಹಿಂಡು ಮಾರುವಾಗ ಅವಳು ತೊಟ್ಟಿಲಲ್ಲಿದ್ದಳು.

ಬೇವಿನ ಕೆಳಗೆ, ಇತ್ತ ಬೆನ್ನು ಹಾಕಿ ಕೂತಿದ್ದ ಮಲಕವ್ವ ಥಟ್ಟನೆ ತಲೆಯೆತ್ತಿದಳು.

"ಯಾರದ ಹಿಂಡ ಬಂತ?" ಎಂದು ರಸ್ತೆಯ ಉದ್ದಕ್ಕೂ ನೋಡಿದಳು. ಚಿಕ್ಕೋಡಿಯ ಬಸ್ಸೊಂದು ಹೋಗುತ್ತಿತ್ತು. ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. "ಮಳ್ಯಾಗ ತೋಯ್ದ ಕುರಿ ನಾತ ಬರಾಕತ್ತೈತಿ."

"ಕುರಿ ಅಲ್ಲರಿ ಆಯಿ, ಕಾಮಣ್ಣಾರ ಬಾಗಲದಾಗ ಕರಡಿ ಸಾಕ್ಯಾರ," ಎಂದು ದಾದಾಸಾಹೇಬ ತಗಡಿನ ಗೂಡುಗಳಿಂದ ಕರಿಯ, ನೀರಿಳಿಯುವ ಮುದ್ದೆಯೊಂದನ್ನು ಎಳೆದು ಹಾಕಿದ. ಮತ್ತೊಂದು ಎಳೆದ. ದನಿ ತಗ್ಗಿಸಿ ಉಜ್ವಲಾಗೆ ಹೇಳಿದ. "ಪ್ಯಾಡಿನ ಹಿಂದ ಒಂದ ಪ್ಲಾಸ್ಟಿಕ್ ಹಾಳಿ ಇರತೈತಿ, ನೀರ ಒಳಗ ಬರಬಾರದಂತ. ಅದನ್ನ ಕಿತ್ತ ಒಗದ ಇದನ್ನ ತುರಕ್ಯಾರ. ಇದು ನೀರ ಕುಡದ ಉಬ್ಬಿ, ಕೆಳಗಿನ ತೂತ ಮುಚ್ಚಿ, ಗಾಜ ಏರಸೂ ಹಲ್ಲಿಗೆ ಎಳಿ ಸುತಗೊಂಡೈತಿ. ಯಾವ ಶಾಣ್ಯಾನ ಕೆಲಸವಾ ಇದು?"

ಉಜ್ವಲಾ ಕೆಳಗೆ ಬಿದ್ದದ್ದನ್ನು ಎತ್ತಿ ಹಿಂಡಿದಳು. ಕಪ್ಪು ನೀರು ಮೊಣಕೈವರೆಗೆ ಇಳಿಯಿತು. ಎರಡು ಅಂಗೈ ಅಗಲದ ತುಂಡು. ಮೂರು ಕಡೆ ಕತ್ತರಿ ಆಡಿಸಿದ ನೇರ ಅಂಚು. ನಾಲ್ಕನೆಯ ಕಡೆ, ಕೊಳೆಯ ಕೆಳಗೆ, ಎರಡು ಬಿಳಿ ಗೆರೆ.

ಕತೆಯಲ್ಲಿ ಅದು ಮುಗಿಲಷ್ಟಿತ್ತು. ದಾರಿಹೋಕರಿಗೂ ಅದರಡಿ ಜಾಗವಿತ್ತು.

ಅವಳು ತಿರುಗಿ ನೋಡಿದಳು. ರಸ್ತೆ ದಾಟಿ ಬಂದಿದ್ದ ಕಾಮಣ್ಣ ಎರಡೂ ಕೈಯಲ್ಲಿ ಚಾದ ಗ್ಲಾಸು ಹಿಡಿದು ನಿಂತಿದ್ದ. ಚಾ ತುಳುಕಿ ಬೆರಳುಗಳ ಮೇಲೆ ಇಳಿಯುತ್ತಿದ್ದರೂ ಅವನಿಗೆ ಗೊತ್ತಾದಂತಿರಲಿಲ್ಲ. ಮಗಳ ಕಣ್ಣು ತನ್ನನ್ನು ಮುಟ್ಟಿದೊಡನೆ ತಲೆಯನ್ನು ಅತ್ತಿತ್ತ ಅಲ್ಲಾಡಿಸಿದ. ಬ್ಯಾಡ, ಎಂದವು ತುಟಿಗಳು.

ಚಪ್ಪರದ ಮೂಲೆಯಲ್ಲಿ ಗುಜರಿಯ ಪೀಪಾಯಿ ಇತ್ತು. ಅದರೊಳಗೆ ಹಾಕಿದ್ದರೆ ಆಗಿಹೋಗುತ್ತಿತ್ತು. ಗಾಜು ಮೇಲೆ ಬರುತ್ತಿತ್ತು, ಪ್ಯಾಡು ತಿರುಗಿ ಕೂರುತ್ತಿತ್ತು, ಅಪ್ಪ ಅಪ್ಪನಾಗಿಯೇ ಇರುತ್ತಿದ್ದ. ಅವ್ವ ಇನ್ನೆಷ್ಟೋ ವರ್ಷ ಹೊತ್ತಲ್ಲದ ಹೊತ್ತಿನಲ್ಲಿ ಎಮ್ಮೆಗೆ ನೀರು ತೋರಿಸುತ್ತಿದ್ದಳು. ಉಜ್ವಲಾಗೆ ಅಪ್ಪನ ಮೇಲೆ ಸಿಟ್ಟು ಬರಬೇಕಿತ್ತು, ಬಂದದ್ದು ಅಳು. ಮಾನೌಮಿಯ ದಿನ ಖಾಲಿ ಪೆಟ್ಟಿಗೆಯ ಮುಂದೆ ಅಪ್ಪನೂ ಎಲ್ಲರ ಜೊತೆ ಬಗ್ಗಿ ಒಳಗೆ ನೋಡಿದ್ದ.

ಅವಳು ಆ ತುಂಡನ್ನು ಒಯ್ದು ಅಜ್ಜಿಯ ಮಡಿಲಿಗೆ ಹಾಕಿದಳು.

ಮಲಕವ್ವ ನೋಡಲಿಲ್ಲ, ಮೊದಲು ಮುಟ್ಟಿದಳು. ಹೆಬ್ಬೆರಳು ಬಿಳಿ ಗೆರೆಯ ಮೇಲೆ ಒಮ್ಮೆ ಹೋಗಿ ಒಮ್ಮೆ ಬಂತು. ಕತ್ತರಿಸಿದ ಅಂಚಿಗೆ ಬಂದಾಗ ನಿಂತಿತು. ಅದನ್ನೆತ್ತಿ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಬಹಳ ಹೊತ್ತು ಹಾಗೇ ಕೂತಳು. ಗೋದಾಮಿನ ಹೆಂಗಸರು ಊಟದ ಬುತ್ತಿ ಹಿಡಿದು ನಗುತ್ತ ಹಾದುಹೋದರು. ದಾದಾಸಾಹೇಬ ಸ್ಕ್ರೂಡ್ರೈವರನ್ನು ಕೆಳಗಿಟ್ಟ.

"ಯಾರ ಕತ್ತರಿ ಹಾಕ್ಯಾರ ಇದಕ?" ಎಂದಳು ಕೊನೆಗೆ.

"ನಾನ ಯವ್ವಾ," ಎಂದ ಕಾಮಣ್ಣ.

"ಯಾಕ?"

"ಗಾಡಿ ಬಡಕೋತಿತ್ತಲಾ. ನೀ ಕುಂದ್ರಾಕಿ ಅಲ್ಲ ಅಂದಿ. ಮಿರಜಿ ಡಾಕ್ಟರ ಇನ್ನ ತಡಾ ಮಾಡಿದ್ರ ಕಣ್ಣ ಹೋಗತಾವ ಅಂದಿದ್ದ." ಚಾದ ಗ್ಲಾಸುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಕೈಯಲ್ಲೇ ಹಿಡಿದಿದ್ದ. "ಕಂಬಳಿ ಅಟ್ಟದ ಮ್ಯಾಲ ಹುಳಾ ತಿನ್ನಾಕತ್ತಿತ್ತ. ಬ್ಯಾರೇ ಏನ ಹಾಕಿದ್ರೂ ಆವಾಜ ನಿಲ್ಲಲಿಲ್ಲ. ಅದರ ಸಲುವಾಗಿ ಹಾಕಿದ್ನಿ."

"ಆ ಪ್ಲಾಸ್ಟಿಕ್ ಹಾಳಿ ಯಾಕ ಕಿತ್ತಿರಿ?" ಎಂದು ದಾದಾಸಾಹೇಬ ತಡೆಯಲಾರದೆ ಕೇಳಿದ.

"ಕಂಬಳಿ ಇದ್ದಮ್ಯಾಲ ಪ್ಲಾಸ್ಟಿಕ್ ಯಾಕ ಅನಕೊಂಡ್ನಿ. ಕಂಬಳಿ ಒಳಗ ಮಳಿ ಇಳ್ಯೂದಿಲ್ಲಲ್ಲಾ."

ಮಲಕವ್ವ ಮಗನನ್ನು ನೋಡಿದಳು. "ಮೈಮ್ಯಾಲ ಹೊತಗೊಂಡ್ರ ಇಳ್ಯೂದಿಲ್ಲೋ ಹುಚ್ಚಪ್ಪ. ಮಡಚಿ ನೀರಾಗ ತುರಕಿದ್ರ ಕುಡೀತೈತಿ." ಮತ್ತೆ ಕೇಳಿದಳು. "ನನಗರ ಹೇಳಬೇಕಿಲ್ಲ?"

"ಹೇಳಬೇಕಂತ ಇದ್ನಿ. ಅಷ್ಟರಾಗ ನೀನ ಬೀರದೇವನ ಹೆಸರ ತಗದಿ. ಅವತ್ತ ಹೇಳೂದ ತಡಾ ಆತ. ಆಮ್ಯಾಲ ತಡಾ ಆಗಿದ್ದ ಇನ್ನಟ ತಡಾ ಆಗಕೋತ ಹೋತ."

"ಅಂವ ಉಣ್ಣೂ ತಾಟಿನ ಮುಂದಿಂದ ಎದ್ದ ಹೋದ."

"ಹೂಂ."

"ನೀ ಬಾಜೂಕ ಕುಂತ ಉಂಡಿ."

ಮಲಕವ್ವ ಮಡಿಲಲ್ಲಿದ್ದ ತುಂಡನ್ನು ಮಡಚಲು ನೋಡಿದಳು, ಮಡಚುವಷ್ಟು ದೊಡ್ಡದಿರಲಿಲ್ಲ.

"ಉಳದದ್ದ ಎಲ್ಲೈತಿ?"

"ನಾಕೂ ಬಾಗಲದಾಗ. ಮ್ಯಾಲ ಟಾಪಿನ ಒಳಗೂ ಐತಿ."

"ನನ್ನ ತಲಿ ಮ್ಯಾಲ?"

"ಹೂಂ."

ಆಕೆ ಎದ್ದು ಕಾರಿನ ಹತ್ತಿರ ಬಂದು, ತಾನು ಇಷ್ಟು ವರ್ಷ ಒರಗುತ್ತಿದ್ದ ಬಾಗಿಲಿನ ತೂತುತೂತಾದ ತಗಡನ್ನು ನೋಡಿದಳು. ಕೆಳಗೆ ತುಕ್ಕು ತಿಂದು ತಗಡು ಕಾಗದದಂತಾಗಿತ್ತು. ಒಳಗೆ ಬಗ್ಗಿ ಮೇಲಿನ ಹೊದಿಕೆಗೆ ಅಂಗೈ ಒತ್ತಿದಳು. ಕೈ ಅಲ್ಲಿಯೇ ಇತ್ತು.

"ಅದಕ ನಿದ್ದಿ ಬರತಿತ್ತ," ಎಂದಳು. ಯಾರಿಗೆ ಹೇಳಿದಳೋ ಗೊತ್ತಾಗಲಿಲ್ಲ.

ಆಮೇಲೆ ಮೊಮ್ಮಗಳ ಕಡೆ ತಿರುಗಿ, "ನಿಮ್ಮವ್ವಗ ಫೋನ ಹಚ್ಚ," ಎಂದಳು.

ಉಜ್ವಲಾ ಹಚ್ಚಿ ಕೊಟ್ಟಳು. ಅತ್ತಲಿಂದ ಸುಂದ್ರವ್ವನ ದನಿ, ಅದರ ಹಿಂದೆ ಆಡುಗಳ ದನಿ ಕೇಳಿತು. ಮಲಕವ್ವ ಫೋನನ್ನು ಬಾಯಿಯ ಮುಂದೆ ಕನ್ನಡಿಯಂತೆ ಹಿಡಿದುಕೊಂಡಳು.

"ಉಂಡಿ?" ಎಂದಳು.

"ಯಾರಿಗೇನ ಆತ್ರಿ ಅತ್ತಿ?" ಎಂದಳು ಸುಂದ್ರವ್ವ ಗಾಬರಿಯಿಂದ.

"ಯಾರಿಗೂ ಏನೂ ಆಗಿಲ್ಲ. ಉಂಡಿಯೇನ ಅಂತ ಕೇಳಿದ್ನಿ."

"ಇನ್ನ ಇಲ್ರಿ. ಎಮ್ಮಿ ಕೆಲಸ ಐತಿ."

"ಎಮ್ಮಿ ಎಲ್ಲಿ ಹೋಗೂದಿಲ್ಲ. ಮೊದಲ ಉಣ್ಣ. ನಾವ ಬರೂದು ಹೊತ್ತ ಆಕ್ಕೈತಿ. ರಾಯಬಾಗಕ್ಕ ಹೊಂಟೀವಿ." ಅಷ್ಟು ಹೇಳಿ ಫೋನನ್ನು ಮೊಮ್ಮಗಳ ಕೈಗಿಟ್ಟಳು. ಅತ್ತ ಸುಂದ್ರವ್ವ, "ಯಾರ ಮನಿಗಿ? ಯಾರ ಮನಿಗಿ ಉಜ್ವಲಾ?" ಎಂದು ಕೇಳುತ್ತಲೇ ಇದ್ದಳು.

"ಇವತ್ತ ಹೋಗೂದೇನ ಯವ್ವಾ? ಕಣ್ಣಿನ ದವಾಖಾನಿ?" ಎಂದ ಕಾಮಣ್ಣ.

"ನನ್ನ ಕಣ್ಣ ನಾಳೆ ತೋರಸೂನು. ನಡಿ."

ದಾದಾಸಾಹೇಬನ ಕೆಲಸ ಮುಗಿದಿರಲಿಲ್ಲ. ಗಾಜನ್ನು ಮೇಲೆಳೆದು ಕೆಳಗೆ ಕಟ್ಟಿಗೆಯ ತುಂಡೊಂದನ್ನು ಬೆಣೆಯಾಗಿ ಕೊಟ್ಟು ನಿಲ್ಲಿಸಿದ. ತುಕ್ಕು ಕೆರೆದು ಬಣ್ಣ ಹಚ್ಚಬೇಕು, ಪ್ಯಾಡು ಬಿಸಿಲಿಗೆ ಒಣಗಿದ ಮೇಲೆಯೇ ಕೂರುತ್ತದೆ, ಮುರಿದ ಚಿಲಕದ ಲಾಕು ಕೊಲ್ಹಾಪುರದಿಂದ ಬರಬೇಕು ಎಂದ. "ಅಲ್ಲೀತನಕ ಆ ಬಾಗಲಾ ಒಳಗಿಂದ ತಗಿಯೂದಿಲ್ರಿ ಆಯಿ. ನೀವ ಈಚಿ ಕಡೆ ಕುಂದರ್ರಿ, ಉಜ್ವಲಾ ಅಲ್ಲಿ ಕುಂದ್ರಲಿ." ಉಳಿದ ಬಾಗಿಲುಗಳ ಕಂಬಳಿ ತುಂಡುಗಳನ್ನೂ ತೆಗೆದು ಕೊಡಲೇ ಎಂದು ಕೇಳಿದ್ದಕ್ಕೆ ಮಲಕವ್ವ, "ಅವಸರ ಮಾಡಬ್ಯಾಡ. ಮತ್ತ ಬರತೀನಿ. ನನ್ನ ಮುಂದ ತಗಿಯೂವಂತಿ," ಎಂದಳು. ಒದ್ದೆ ತುಂಡುಗಳು ಬೇವಿನ ಕೊಂಬೆಯ ಮೇಲೆ ಕಾಗೆಗಳಂತೆ ಸಾಲಾಗಿ ಕೂತವು. ಮಡಿಲಲ್ಲಿದ್ದದ್ದನ್ನು ಮಾತ್ರ ಆಕೆ ಕೊಡಲಿಲ್ಲ. ಜಾಗವನ್ನೂ ಬದಲಿಸಲಿಲ್ಲ.

ಕಾರು ಚಿಕ್ಕೋಡಿಯ ದಾರಿ ಹಿಡಿಯಿತು. ಹೊದಿಕೆ ಕಳೆದುಕೊಂಡ ಬಾಗಿಲು ಮೊದಲ ತಗ್ಗಿಗೇ ಬಾಯಿಬಿಟ್ಟಿತು. ತಗಡಿಗೆ ತಗಡು ಬಡಿಯಿತು, ಬೆಣೆ ಗುಟುರು ಹಾಕಿತು, ಒಳಗಿನ ಸರಳುಗಳು ಒಂದಕ್ಕೊಂದು ತಾಗಿ ಜಾಗಟೆ ಬಾರಿಸಿದಂತಾಯಿತು. ಇಷ್ಟು ವರ್ಷ ಈ ಸದ್ದೆಲ್ಲ ಇಲ್ಲಿಯೇ ಇತ್ತೆಂದು ಉಜ್ವಲಾಗೆ ನಂಬಲಾಗಲಿಲ್ಲ. ಅಜ್ಜಿ ಕಿವಿ ಮುಚ್ಚಿಕೊಳ್ಳಬಹುದೆಂದು ನೋಡಿದಳು. ಆಕೆ ಮುಚ್ಚಿಕೊಳ್ಳಲಿಲ್ಲ. ಕೈಗಳು ಮಡಿಲಲ್ಲಿದ್ದವು. ಒಂದೆರಡು ಸಲ ತುಟಿಗಳು ಅಲುಗಿದವು, ಏನೋ ಹೇಳಿದಳು.

"ಏನ ಆಯಿ?" ಎಂದು ಉಜ್ವಲಾ ಕಿವಿಯನ್ನು ಹತ್ತಿರ ತಂದಳು.

"ಆಣಿಕಲ್ಲ ಬಿದ್ದಾಗ," ಎಂದಳು ಮಲಕವ್ವ, ಕೂಗಿದಂತೆ, "ಅಟೂ ಮರಿ ಹಿಡಿದಿರಲಿಲ್ಲ ಅದರಾಗ. ಎರಡೋ ಮೂರೋ ಬದಕಿದೂ. ಉಳದಾವು ಸತ್ತೂ. ನಿಮ್ಮಜ್ಜ ನಸಕ ಹರಿಯೂತನಾ ಅತ್ತ."

ಉಜ್ವಲಾ ಅಜ್ಜಿಯ ತೋಳಿಗೆ ತೋಳು ಹೆಣೆದು ಕೂತಳು. ಮುಂದೆ ಅಪ್ಪನ ಬೆನ್ನು ಕಾಣುತ್ತಿತ್ತು. ಅವನು ತಗ್ಗುಗಳನ್ನು ತಪ್ಪಿಸುತ್ತ, ಸದ್ದು ಆದಷ್ಟು ಕಡಿಮೆಯಾಗುವಂತೆ, ತುಂಬಿದ ಕೊಡ ಹೊತ್ತವರ ಹಾಗೆ ಕಾರು ನಡೆಸುತ್ತಿದ್ದ.

ರಾಯಬಾಗದ ಹೊರಗಿನ ತೋಟದ ಮನೆ ಮುಟ್ಟುವ ಹೊತ್ತಿಗೆ ಬಿಸಿಲು ಹೂಬಿಟ್ಟ ಕಬ್ಬಿನ ತಲೆಗಳ ಮೇಲಷ್ಟೇ ಉಳಿದಿತ್ತು. ಬೀರದೇವ ಅಂಗಳದಲ್ಲಿ ಎಮ್ಮೆಗಳಿಗೆ ಹಸಿಮೇವು ಕೊಚ್ಚಿ ಹಾಕುತ್ತಿದ್ದ. ಸದ್ದು ಕೇಳಿ ತಲೆಯೆತ್ತಿದ. ಕಾರಿನ ಗುರುತು ಹತ್ತಿ, ಕುಡುಗೋಲು ಹಿಡಿದಂತೆಯೇ ನಿಂತ. ಅವನ ಕೂದಲು ಬೆಳ್ಳಗಾಗಿದ್ದನ್ನು ಉಜ್ವಲಾ ಮೊದಲ ಸಲ ನೋಡಿದಳು.

ಕಾಮಣ್ಣ ಎಂಜಿನ್ ನಿಲ್ಲಿಸಿದ. ಆ ಗದ್ದಲದ ನಂತರ ಎಮ್ಮೆಗಳು ಮೇವು ಅಗಿಯುವ ಸದ್ದು ಮಾತ್ರ ಉಳಿಯಿತು. ಅವನು ಇಳಿಯಲಿಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟುಕೊಂಡು ಕೂತಿದ್ದ. ಸುತ್ತಿ ಹೋಗಿ ಅಜ್ಜಿಯ ಬಾಗಿಲು ತೆಗೆಯಬೇಕೆಂದು ಉಜ್ವಲಾ ತನ್ನ ಕಡೆಯ ಚಿಲಕಕ್ಕೆ ಕೈ ಹಾಕಿದಳು. ಮಲಕವ್ವ ಅವಳ ಮೊಣಕಾಲಿನ ಮೇಲೆ ಕೈಯಿಟ್ಟಳು.

"ಇರ," ಎಂದಳು. ಮುಂದೆ ನೋಡುತ್ತಲೇ ಇದ್ದಳು.

ಬೀರದೇವ ಕುಡುಗೋಲನ್ನು ಮೇವಿನ ರಾಶಿಗೆ ಚುಚ್ಚಿದ. ನಡೆದು ಬಂದು ಕಾರಿನ ಮುಂದೆ ಒಮ್ಮೆ ನಿಂತು ಭಾವನ ಮುಖ ನೋಡಿದ, ಕಾಮಣ್ಣ ತಲೆ ತಗ್ಗಿಸಿದ. ಅಲ್ಲಿಂದ ಭಾವನ ಕಡೆ ಹೋಗದೆ ಕಾರಿನ ಎಡಮಗ್ಗುಲಿಗೆ ತಿರುಗಿ ಹಿಂದಿನ ಬಾಗಿಲಿಗೆ ಬಂದ. ಗಾಜಿನ ಆಚೆಗಿದ್ದ ಮುದುಕಿಯನ್ನು ನೋಡಿದ. ಕೈ ಹಿಡಿಕೆಯವರೆಗೆ ಹೋಗಿ ತಡೆಯಿತು, ಮತ್ತೆ ಮುಂದುವರಿಯಿತು. ಬರಿ ತಗಡಿನ ಬಾಗಿಲು ದೊಡ್ಡದಾಗಿ ಸದ್ದು ಮಾಡಿ ತೆರೆದುಕೊಂಡಿತು.

"ಅತ್ತಿ," ಎಂದ. ಬಾ ಎನ್ನಬೇಕೋ ಯಾಕೆ ಬಂದೆ ಎನ್ನಬೇಕೋ ತಿಳಿಯದೆ ಅಲ್ಲಿಗೇ ನಿಂತ.

ಮಲಕವ್ವ ಒಂದು ಕಾಲನ್ನು ಹೊರಗೆ ಚಾಚಿದಳು. ಕೆಳಗೆ ನೀರು ಹಾಯಿಸುವ ಕಾಲುವೆಯ ತಗ್ಗು; ನೆಲ ಸಿಗಲಿಲ್ಲ. ಆಕೆ ಕೈ ನೀಡಿದಳು. ಹಸಿಮೇವಿನ ರಸ ಹತ್ತಿದ ಅವನ ಅಂಗೈ ಮುಂದೆ ಬಂತು. ಅದರ ಮೇಲೆ ತನ್ನ ಕಪ್ಪಾದ ಅಂಗೈ ಊರಿ, ಮೈಭಾರವನ್ನೆಲ್ಲ ಅದಕ್ಕೇ ಬಿಟ್ಟು, ಮಲಕವ್ವ ಕೆಳಗಿಳಿದಳು.